ಅಂಟಿಕೊಂಡ ಕಣಗಳನ್ನು ಎಣಿಸುವುದು ಹೇಗೆ?

ಹಳೆಯ ಲ್ಯಾಬ್ ರಿಪೋರ್ಟ್‌ಗಳನ್ನು ಮಡಚಿಟ್ಟ ಒಂದು ಪ್ಲಾಸ್ಟಿಕ್ ಚೀಲ ನಿಮ್ಮ ಮನೆಯ ಕಪಾಟಿನಲ್ಲೂ ಇರಬಹುದು. ಅದರಿಂದ ಒಂದು ರಕ್ತ ಪರೀಕ್ಷೆಯ ಹಾಳೆಯನ್ನು ಹೊರತೆಗೆದು ನೋಡಿ. ಕೆಂಪು ರಕ್ತಕಣ ಇಷ್ಟು, ಬಿಳಿ ರಕ್ತಕಣ ಇಷ್ಟು, ಪ್ಲೇಟ್‌ಲೆಟ್ ಇಷ್ಟು ಎಂದು ಸಾಲಾಗಿ ಸಂಖ್ಯೆಗಳಿವೆ. ಸಂಖ್ಯೆ ಮಿತಿಯೊಳಗಿದ್ದರೆ ಸಮಾಧಾನ, ಮಿತಿ ದಾಟಿದ್ದರೆ ಗಾಬರಿ. ಆದರೆ ಇದನ್ನು ಎಣಿಸಿದ್ದು ಯಾರು, ಎಣಿಸಿದ್ದು ಹೇಗೆ ಎಂದು ಕೇಳುವವರು ಕಡಿಮೆ.

ಉದ್ದ, ಅಗಲ, ಎತ್ತರ ಎಲ್ಲವೂ ಒಂದೊಂದೇ ಮಿಲಿಮೀಟರ್ ಇರುವ ಒಂದು ಪುಟ್ಟ ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ಹಿಡಿಯುವ ರಕ್ತಕ್ಕೆ ಒಂದು ಮೈಕ್ರೋಲೀಟರ್ ಎನ್ನುತ್ತಾರೆ. ಅಷ್ಟರಲ್ಲೇ ಸುಮಾರು 40ರಿಂದ 55 ಲಕ್ಷ ಕೆಂಪು ಕಣಗಳಿರುತ್ತವೆ. ಹಿಂದೆ ಲ್ಯಾಬಿನವರು ರಕ್ತವನ್ನು ತೆಳುಮಾಡಿ, ಗೆರೆ ಕೊರೆದ ಗಾಜಿನ ಮೇಲೆ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಚೌಕದಿಂದ ಚೌಕಕ್ಕೆ ಎಣಿಸುತ್ತಿದ್ದರು. ಈಗಲೂ ಕೆಲವು ಕಡೆ ಹೀಗೆ ಎಣಿಸುವುದುಂಟು. ಅದಕ್ಕೊಂದು ಸೊಗಸಾದ ನಿಯಮವಿದೆ. ಚೌಕದ ಮೇಲಿನ ಮತ್ತು ಎಡಗಡೆಯ ಗೆರೆಗೆ ತಾಗಿದ ಕಣವನ್ನು ಲೆಕ್ಕಕ್ಕೆ ಹಿಡಿಯಬೇಕು, ಕೆಳಗಿನ ಮತ್ತು ಬಲಗಡೆಯ ಗೆರೆಗೆ ತಾಗಿದ್ದನ್ನು ಬಿಡಬೇಕು. ಹಾಗೆ ಮಾಡಿದರೆ ಗೆರೆಯ ಮೇಲೆ ಕುಳಿತ ಕಣ ಪಕ್ಕದ ಚೌಕದಲ್ಲಿ ಇನ್ನೊಮ್ಮೆ ಎಣಿಕೆಗೆ ಬರುವುದಿಲ್ಲ.

ಗೆರೆಗೆ ತಾಗಿದ್ದಕ್ಕೆ ನಿಯಮವಿತ್ತು. ಕಣಕ್ಕೆ ಕಣ ತಾಗಿದರೆ? ಅದಕ್ಕೆ ಯಾರೂ ನಿಯಮ ಬರೆಯಲಿಲ್ಲ, ಬರೆಯುವ ಅಗತ್ಯವೂ ಬರಲಿಲ್ಲ. ಎರಡು ಕಣಗಳು ಒಂದಕ್ಕೊಂದು ಒತ್ತಿಕೊಂಡಿದ್ದರೂ ಅವು ಎರಡೆಂದು ನೋಡಿದ ಕೂಡಲೇ ತಿಳಿಯುತ್ತದೆ. ತಟ್ಟೆಯಲ್ಲಿ ತಾಗಿಕೊಂಡಿರುವ ಎರಡು ಲಡ್ಡುಗಳನ್ನು ಮೂರು ವರ್ಷದ ಮಗುವೂ ಒಂದು ಎನ್ನುವುದಿಲ್ಲ. (ತಾನು ಎಷ್ಟು ತಿಂದೆ ಎಂದು ಲೆಕ್ಕ ಕೊಡುವಾಗ ಹೇಳೀತು, ಆ ಮಾತು ಬೇರೆ.) ಈ ಕೆಲಸ ಎಷ್ಟು ಕಠಿಣವೆಂದು ಮನುಷ್ಯನಿಗೆ ಗೊತ್ತಾದದ್ದು ಅದನ್ನು ಕಂಪ್ಯೂಟರಿಗೆ ಒಪ್ಪಿಸಲು ಹೊರಟಾಗ.

ಕಂಪ್ಯೂಟರಿಗೆ ಸೂಕ್ಷ್ಮದರ್ಶಕದ ಚಿತ್ರವೆಂದರೆ ಬರೀ ಸಂಖ್ಯೆಗಳ ಚಾಪೆ. ಚಿತ್ರದ ಒಂದೊಂದು ಚುಕ್ಕೆಗೂ ಅದು ಎಷ್ಟು ಬೆಳಕು, ಎಷ್ಟು ಕಪ್ಪು ಎಂಬ ಒಂದು ಸಂಖ್ಯೆ. ಮೊದಲು ಅದು ಮಾಡುವ ಕೆಲಸ ಒಂದು ಗಡಿ ಹಾಕುವುದು. ಇಷ್ಟಕ್ಕಿಂತ ಕಪ್ಪಾದದ್ದೆಲ್ಲ ಕಣ, ಉಳಿದದ್ದೆಲ್ಲ ಖಾಲಿ ಜಾಗ. ಆ ಗಡಿಯನ್ನು ಎಲ್ಲಿ ಹಾಕಬೇಕೆಂದು ಚಿತ್ರದಿಂದಲೇ ಲೆಕ್ಕ ಹಾಕುವ ಸುಲಭ ದಾರಿಯನ್ನು ಜಪಾನಿನ ನೊಬುಯುಕಿ ಒತ್ಸು 1979ರಲ್ಲಿ ಕೊಟ್ಟರು. ಇಂದಿಗೂ ಅದು ಬಳಕೆಯಲ್ಲಿದೆ. ಆಮೇಲೆ ಕಂಪ್ಯೂಟರ್ ಒಂದಕ್ಕೊಂದು ಸೇರಿಕೊಂಡಿರುವ ಕಪ್ಪು ಚುಕ್ಕೆಗಳ ಒಂದೊಂದು ಗುಂಪನ್ನೂ ಒಂದೊಂದು ಕಣವೆಂದು ಎಣಿಸುತ್ತದೆ. ಕಣಗಳು ದೂರ ದೂರ ಇದ್ದರೆ ಎಣಿಕೆ ಸರಿಯಾಗಿ ಬರುತ್ತದೆ. ಎರಡು ತಾಗಿದವೋ, ಒಂದು. ಹತ್ತು ತಾಗಿ ಗೊಂಚಲಾದರೆ, ಅದೂ ಒಂದೇ!

ಈ ಗಂಟನ್ನು ಬಿಡಿಸಿದ ಉಪಾಯ ನಮ್ಮ ಅಡುಗೆಮನೆಗೆ ಹತ್ತಿರದ್ದು. ಬೇಸಿಗೆಯಲ್ಲಿ ಸಂಡಿಗೆ ಹಾಕುವಾಗ ಚಾಪೆಯ ಮೇಲೆ ಹಿಟ್ಟನ್ನು ಚಮಚ ಚಮಚವಾಗಿ ಬಿಡುತ್ತೇವಲ್ಲ, ಒಂದು ಸ್ವಲ್ಪ ಹರಿದು ಪಕ್ಕದ್ದಕ್ಕೆ ಸೇರಿಬಿಡುತ್ತದೆ. ಒಣಗಿದ ಮೇಲೆ ಎರಡೂ ಸೇರಿ ಎಂಟರ ಅಂಕಿಯ ಹಾಗೆ ಕಾಣುತ್ತದೆ. ಅದನ್ನು ಎಲ್ಲಿ ಮುರಿಯುತ್ತೀರಿ? ನಡು ಸಣ್ಣಗಾಗಿರುವಲ್ಲಿ. ಯಾರೂ ಅಳೆದು ನೋಡುವುದಿಲ್ಲ, ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಕಂಪ್ಯೂಟರಿಗೆ ಕೈಯೂ ಇಲ್ಲ, ಕಣ್ಣೂ ಇಲ್ಲ. ಹಾಗಾಗಿ ಅದು ಅಳೆಯಲೇಬೇಕು. ಕಪ್ಪು ಗುಂಪಿನ ಒಳಗಿನ ಪ್ರತಿಯೊಂದು ಚುಕ್ಕೆಯಿಂದಲೂ ಅತಿ ಹತ್ತಿರದ ಅಂಚು ಎಷ್ಟು ದೂರವೆಂದು ಲೆಕ್ಕ ಹಾಕುತ್ತದೆ. ಸಂಡಿಗೆಯ ನಟ್ಟನಡುವಿನ ಚುಕ್ಕೆಗೆ ಅಂಚು ತುಂಬ ದೂರ. ಅಂಚಿನ ಬಳಿಯ ಚುಕ್ಕೆಗೆ ತೀರಾ ಹತ್ತಿರ. ಎರಡು ಸಂಡಿಗೆ ಸೇರಿರುವ ಸೊಂಟದಲ್ಲಿ ಮಧ್ಯಮ. ಈ ದೂರವನ್ನು ಆಳವೆಂದು ತಿಳಿದುಕೊಳ್ಳಿ. ಆಗ ಒಂದೊಂದು ಸಂಡಿಗೆಯೂ ಒಂದೊಂದು ಗುಂಡಿಯಾಗುತ್ತದೆ, ಎರಡು ಗುಂಡಿಗಳ ನಡುವೆ ಸೊಂಟವಿರುವಲ್ಲಿ ಒಂದು ಎತ್ತರದ ದಿಣ್ಣೆ ಉಳಿಯುತ್ತದೆ.

ಇನ್ನು ನೀರು ತುಂಬಿಸುವುದೊಂದೇ ಬಾಕಿ. ಎರಡೂ ಗುಂಡಿಗಳಲ್ಲಿ ತಳದಿಂದ ನೀರು ಏರುತ್ತಾ ಬರಲಿ. ಒಂದು ಹೊತ್ತಿಗೆ ಎರಡು ಕಡೆಯ ನೀರು ದಿಣ್ಣೆಯ ಮೇಲೆ ಬೆರೆಯಲು ಹೊರಡುತ್ತದೆ. ಅಲ್ಲಿ ಒಂದು ಅಣೆಕಟ್ಟು ಕಟ್ಟಿ. ಆ ಅಣೆಕಟ್ಟೇ ಎರಡು ಕಣಗಳನ್ನು ಬೇರ್ಪಡಿಸುವ ಗೆರೆ.

ಘಟ್ಟದ ಕೆಳಗಿನವರಿಗೂ ಮೇಲಿನವರಿಗೂ ಇದು ಹೊಸ ವಿಷಯವಲ್ಲ. ಪಶ್ಚಿಮ ಘಟ್ಟದ ನೆತ್ತಿಯ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಕುಮಾರಧಾರೆಯ ಕಡೆಗೆ ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ಅರಬಿ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಪಾಲು ಹೇಮಾವತಿಗೆ ಸೇರಿ, ಕಾವೇರಿಯೊಂದಿಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಎರಡನ್ನೂ ಬೇರೆ ಮಾಡುವ ಆ ನೆತ್ತಿಯ ಗೆರೆಗೆ ಇಂಗ್ಲಿಷಿನಲ್ಲಿ ವಾಟರ್‌ಶೆಡ್ ಎನ್ನುತ್ತಾರೆ. ಕಣ ಬೇರ್ಪಡಿಸುವ ಈ ವಿಧಾನದ ಹೆಸರೂ ಅದೇ. ಅದನ್ನು ಚಿತ್ರಗಳಿಗೆ ಅಳವಡಿಸಿದವರು ಫ್ರಾನ್ಸಿನ ಸರ್ಜ್ ಬ್ಯೂಶೆ ಮತ್ತು ಕ್ರಿಸ್ಟಿಯಾನ್ ಲಾಂಟ್ವೆಜೂಲ್, 1979ರಲ್ಲಿ. ಅವರಿದ್ದದ್ದು ಆಸ್ಪತ್ರೆಯಲ್ಲಲ್ಲ, ಪ್ಯಾರಿಸ್ಸಿನ ಗಣಿ ಶಾಲೆಯ ಫಾಂಟೆನ್‌ಬ್ಲೋ ಕೇಂದ್ರದಲ್ಲಿ. ಅಲ್ಲಿಯ ಹಿರಿಯರಾದ ಜಾರ್ಜ್ ಮಾತೆರೋನ್ ಮತ್ತು ಜೀನ್ ಸೆರಾ 1964ರ ಸುಮಾರಿಗೆ ಶುರು ಮಾಡಿದ್ದ ಗಣಿತದ ಹಿಂದಿದ್ದ ಪ್ರಶ್ನೆ ಕಬ್ಬಿಣದ ಅದಿರಿನದ್ದು. ಕಲ್ಲಿನೊಳಗೆ ಒತ್ತೊತ್ತಾಗಿ ಕುಳಿತ ಹರಳುಗಳನ್ನು ಅಳೆಯಲು ಹೊರಟವರ ವಿದ್ಯೆ ಕೊನೆಗೆ ರಕ್ತ, ಮಾಂಸದ ಕಣಗಳಿಗೆ ಬಂತು. 1991ರಲ್ಲಿ ಲುಕ್ ವಿನ್ಸೆಂಟ್ ಮತ್ತು ಪಿಯರ್ ಸುವಾಲ್ ಅದನ್ನು ವೇಗವಾಗಿ ಲೆಕ್ಕ ಹಾಕುವ ವಿಧಾನ ಕೊಟ್ಟ ಮೇಲೆ ಸಾಧಾರಣ ಕಂಪ್ಯೂಟರಿನಲ್ಲೂ ಇದು ಸಾಧ್ಯವಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವೇಯ್ನ್ ರಾಸ್‌ಬ್ಯಾಂಡ್ ಅವರು 1997ರಿಂದ ಎಲ್ಲರಿಗೂ ಉಚಿತವಾಗಿ ಕೊಟ್ಟ ಇಮೇಜ್‌ಜೆ ಎಂಬ ಸಾಫ್ಟ್‌ವೇರಿನಲ್ಲಿ ಇದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು. ನಿಮ್ಮ ಮನೆಯಲ್ಲಿ ಜೀವಶಾಸ್ತ್ರದ ಎಂ.ಎಸ್ಸಿ. ಮಾಡುವ ಮಗಳೋ ಸೊಸೆಯೋ ಇದ್ದರೆ ಕೇಳಿ ನೋಡಿ. ಅವಳು ಅದನ್ನು ಒಮ್ಮೆಯಾದರೂ ಒತ್ತಿರುವ ಸಾಧ್ಯತೆ ಹೆಚ್ಚು.

ಇಷ್ಟಕ್ಕೆ ಸಮಸ್ಯೆ ಮುಗಿಯಿತೆಂದು ಭಾವಿಸಬೇಡಿ. ಈ ಉಪಾಯ ಒಂದು ನಂಬಿಕೆಯ ಮೇಲೆ ನಿಂತಿದೆ. ಕಣಗಳೆಲ್ಲ ಹೆಚ್ಚು ಕಡಿಮೆ ಗುಂಡಗಿವೆ, ಅವು ಸೇರುವಲ್ಲಿ ಸೊಂಟ ಸಣ್ಣಗಾಗುತ್ತದೆ ಎಂಬ ನಂಬಿಕೆ. ಕಣವೇ ಕಡಲೆಕಾಯಿಯಂತೆ ನಡುವೆ ಸೊರಗಿದ್ದರೆ? ಸಾಫ್ಟ್‌ವೇರ್ ಅದನ್ನು ಎರಡು ಮಾಡುತ್ತದೆ. ಅಂಚು ಸ್ವಲ್ಪ ಅಂಕುಡೊಂಕಾಗಿದ್ದರೆ ಒಂದೇ ಕಣವನ್ನು ಮೂರು ನಾಲ್ಕು ಚೂರು ಮಾಡುವುದೂ ಉಂಟು. ಎರಡು ಕಣಗಳು ತಾಗುವ ಬದಲು ಒಂದರ ಮೇಲೊಂದು ಏರಿ ಕುಳಿತಿದ್ದರೆ ಸೊಂಟವೇ ಕಾಣದು, ಆಗ ಒಂದೇ ಎಂದು ಬಿಟ್ಟುಬಿಡುತ್ತದೆ. ಆದ್ದರಿಂದ ಎಷ್ಟು ಆಳದ ಗುಂಡಿಯನ್ನು ಬೇರೆ ಗುಂಡಿಯೆಂದು ಒಪ್ಪಬೇಕು, ಎಷ್ಟನ್ನು ಬರೀ ತಗ್ಗು ಎಂದು ಬಿಡಬೇಕು ಎಂದು ಯಾರಾದರೂ ಮೊದಲೇ ತಿರುಗಣೆ ತಿರುಗಿಸಿ ಇಡಬೇಕಾಗುತ್ತದೆ. ಯಂತ್ರ ಎಣಿಸಿತು ಎನ್ನುತ್ತೇವೆ. ಆದರೆ ಆ ಎಣಿಕೆಯೊಳಗೆ ತಿರುಗಣೆ ತಿರುಗಿಸಿದವರ ತೀರ್ಮಾನ ಕುಳಿತಿರುತ್ತದೆ.

ಅದಕ್ಕೇ ನಿಜವಾದ ಬುದ್ಧಿವಂತಿಕೆ ಕಂಪ್ಯೂಟರಿಗೂ ಮೊದಲೇ ಶುರುವಾಗುತ್ತದೆ ಎಂದು ನನ್ನ ಅನಿಸಿಕೆ. ರಕ್ತದ ಹನಿಯನ್ನು ಗಾಜಿನ ಮೇಲೆ ಎಳೆಯುವ ಲ್ಯಾಬಿನ ಹುಡುಗಿಯನ್ನು ಗಮನಿಸಿ ನೋಡಿ. ಇನ್ನೊಂದು ಗಾಜನ್ನು ಓರೆಯಾಗಿ ಹಿಡಿದು ಒಂದೇ ಸಲಕ್ಕೆ, ತಡವರಿಸದೆ, ಮುಂದಕ್ಕೆ ತಳ್ಳುತ್ತಾಳೆ. ಶುರುವಿನಲ್ಲಿ ಲೇಪ ದಪ್ಪ, ಕೊನೆಯಲ್ಲಿ ತೆಳು. ತೆಳುವಿನ ತುದಿಗೆ ಸ್ವಲ್ಪ ಮೊದಲು ಕಣಗಳೆಲ್ಲ ಒಂದೇ ಪದರವಾಗಿ ಹರಡಿಕೊಂಡಿರುವ ಒಂದು ಜಾಗವಿರುತ್ತದೆ. ಪರೀಕ್ಷಿಸುವುದು ಅಲ್ಲಿ. ದಪ್ಪವಿರುವಲ್ಲಿ ಕಣಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಅಲ್ಲಿಯ ಚಿತ್ರವನ್ನು ಎಂಥ ದುಬಾರಿ ಸಾಫ್ಟ್‌ವೇರಿಗೆ ಕೊಟ್ಟರೂ ಪ್ರಯೋಜನವಿಲ್ಲ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ, ನಾಲ್ಕು ಕಣ ಹೆಚ್ಚು ಕಡಿಮೆಯಾದರೆ ಏನಾಯಿತು ಎಂದು ನೀವು ಕೇಳಬಹುದು. ನಮ್ಮ ಸಹೋದರಿಯರಿಗೆ ತೀರಾ ಹತ್ತಿರವಾದ ಒಂದು ಉದಾಹರಣೆ ಹೇಳುತ್ತೇನೆ. ಸ್ತನ ಕ್ಯಾನ್ಸರಿನ ಬಯಾಪ್ಸಿ ರಿಪೋರ್ಟಿನಲ್ಲಿ ಕೆಐ-67 ಎಂಬ ಒಂದು ಸಾಲು ಇರುತ್ತದೆ. ಇದೊಂದು ಪ್ರೋಟೀನು. ವಿಭಜನೆಗೆ ಹೊರಟಿರುವ ಕೋಶಗಳಲ್ಲಿ ಮಾತ್ರ ಇರುತ್ತದೆ, ವಿಶ್ರಾಂತಿಯಲ್ಲಿರುವ ಕೋಶಗಳಲ್ಲಿ ಇರುವುದಿಲ್ಲ. ಜರ್ಮನಿಯ ಕೀಲ್ ನಗರದ ವಿಜ್ಞಾನಿಗಳು 1983ರಲ್ಲಿ ಇದನ್ನು ವರದಿ ಮಾಡಿದರು. ಊರಿನ ಹೆಸರಿನಿಂದ ಕೆಐ, ಪ್ರಯೋಗದ ತಟ್ಟೆಯ 67ನೇ ಗುಳಿಯಿಂದ 67. ಗಡ್ಡೆಯ ತೆಳುವಾದ ಚೂರಿಗೆ ಬಣ್ಣ ಹಾಕಿದಾಗ ವಿಭಜನೆಗೆ ಹೊರಟ ಕೋಶಗಳ ಕೇಂದ್ರಗಳು ಕಂದಾಗಿ, ಉಳಿದವು ನೀಲಿಯಾಗಿ ಕಾಣುತ್ತವೆ. ನೂರರಲ್ಲಿ ಎಷ್ಟು ಕಂದು ಎಂದು ಎಣಿಸಿದರೆ ಗಡ್ಡೆ ಎಷ್ಟು ಬಿರುಸಾಗಿ ಬೆಳೆಯುತ್ತಿದೆ ಎಂಬ ಅಂದಾಜು ಸಿಗುತ್ತದೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಸ್ಲೈಡಿನಲ್ಲಿ ಒಟ್ಟು 500 ಕೋಶಕೇಂದ್ರಗಳಿವೆ, ಅವುಗಳಲ್ಲಿ 100 ಕಂದು ಎಂದಿಟ್ಟುಕೊಳ್ಳಿ. ಅಂದರೆ ಶೇಕಡಾ 20. ಆದರೆ ಕಂದಿನವು ಒಂದು ಮೂಲೆಯಲ್ಲಿ ಗುಂಪು ಕಟ್ಟಿವೆ, ತಾಗಿಕೊಂಡ ಕೆಲವನ್ನು ಸಾಫ್ಟ್‌ವೇರ್ ಒಂದೇ ಎಂದು ಹಿಡಿದು 100ನ್ನು 80 ಎಂದು ಎಣಿಸಿತು. ನೀಲಿ 400 ಸರಿಯಾಗಿಯೇ ಬಂತು. ಆಗ 480ರಲ್ಲಿ 80, ಅಂದರೆ ಶೇಕಡಾ 17ಕ್ಕೂ ಕಡಿಮೆ. ತಿರುಗಣೆ ಇನ್ನೊಂದು ಕಡೆಗೆ ತಿರುಗಿ ಕೆಲವು ಕೇಂದ್ರಗಳು ಸೀಳಿಹೋಗಿ 120 ಆದರೆ 520ರಲ್ಲಿ 120, ಶೇಕಡಾ 23. ಗಡ್ಡೆ ಅದೇ, ಚೂರು ಅದೇ, ಬಣ್ಣವೂ ಅದೇ. ಬದಲಾದದ್ದು ನಡುವಿನ ಗೆರೆ ಎಳೆದ ಜಾಗ ಮಾತ್ರ.

ಶೇಕಡಾ 20 ಎಂಬುದನ್ನು ನಾನು ಸುಮ್ಮನೆ ಆರಿಸಿಕೊಂಡದ್ದಲ್ಲ. ಸ್ತನ ಕ್ಯಾನ್ಸರ್ ಮರುಕಳಿಸದಂತೆ ಕೊಡುವ ಅಬೆಮಾಸಿಕ್ಲಿಬ್ ಎಂಬ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರಿನಲ್ಲಿ ಅನುಮತಿ ಕೊಟ್ಟಾಗ, ಒಂದು ಬಗೆಯ ಆರಂಭ ಹಂತದ ಕ್ಯಾನ್ಸರ್ ಇದ್ದು ಮರುಕಳಿಸುವ ಅಪಾಯ ಹೆಚ್ಚಿರುವವರಲ್ಲಿ ಕೆಐ-67 ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚಿರಬೇಕೆಂಬ ಶರ್ತ ಹಾಕಿತ್ತು. ಅಂದರೆ ಶೇಕಡಾ 17 ಬಂದವಳು ಆ ಶರ್ತದ ಹೊರಗೆ, 23 ಬಂದವಳು ಒಳಗೆ. ಆ ಮಿತಿಗಿಂತ ಕೆಳಗಿದ್ದವರಿಗೂ ಔಷಧದಿಂದ ಪ್ರಯೋಜನವಿದೆಯೆಂದು ಮುಂದೆ ಕಂಡುಬಂದದ್ದರಿಂದ 2023ರ ಮಾರ್ಚಿನಲ್ಲಿ ಆ ಶರ್ತವನ್ನು ತೆಗೆದುಹಾಕಲಾಯಿತು. ಒಂದೂವರೆ ವರ್ಷದ ಮಟ್ಟಿಗಾದರೂ ಒಂದು ಕೋಶಕೇಂದ್ರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆ ಒಬ್ಬಳ ಚಿಕಿತ್ಸೆಯವರೆಗೂ ತಲುಪಬಹುದಾಗಿತ್ತು. ಈ ಪರೀಕ್ಷೆಯ ಬಗ್ಗೆ ಅಧ್ಯಯನ ಮಾಡುವ ಅಂತಾರಾಷ್ಟ್ರೀಯ ತಜ್ಞರ ಗುಂಪು 2021ರ ಶಿಫಾರಸಿನಲ್ಲಿ, ಶೇಕಡಾ 5 ಅಥವಾ ಅದಕ್ಕಿಂತ ಕಡಿಮೆ ಮತ್ತು 30 ಅಥವಾ ಅದಕ್ಕಿಂತ ಹೆಚ್ಚು ಬಂದಾಗ ಮಾತ್ರ ಈ ಸಂಖ್ಯೆಯ ಮೇಲೆ ಭರವಸೆಯಿಟ್ಟು ರೋಗದ ಮುನ್ನೋಟ ಹೇಳಬಹುದೆಂದಿದೆ. ನಡುವಿನ ಜಾಗದಲ್ಲಿ ಒಂದು ಲ್ಯಾಬಿನ ಎಣಿಕೆಗೂ ಇನ್ನೊಂದರದ್ದಕ್ಕೂ ಹೊಂದಾಣಿಕೆ ಸಾಲದು. ಕಾರಣ ತಾಗಿಕೊಂಡ ಕೋಶಗಳು ಮಾತ್ರವೇ ಅಲ್ಲ. ಬಣ್ಣ ಹಿಡಿದ ರೀತಿ, ಎಣಿಸಲು ಆರಿಸಿಕೊಂಡ ಜಾಗ, ಇವೂ ಸೇರುತ್ತವೆ. ಆದ್ದರಿಂದ ರಿಪೋರ್ಟಿನಲ್ಲಿ 18 ಎಂದಿರುವುದನ್ನೂ 22 ಎಂದಿರುವುದನ್ನೂ ನೋಡಿ ಅತ್ತೆ ಸೊಸೆ ಕುಳಿತು ಹೋಲಿಸಿ ಕಣ್ಣೀರು ಹಾಕುವ ಅಗತ್ಯವಿಲ್ಲ. ಕ್ಯಾನ್ಸರ್ ವೈದ್ಯರು ಆ ಒಂದು ಸಾಲನ್ನೇ ನೋಡಿ ತೀರ್ಮಾನಿಸುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಗುಂಡಿ, ನೀರು, ಅಣೆಕಟ್ಟಿನ ಜಾಗಕ್ಕೆ ಕಲಿಯುವ ಯಂತ್ರಗಳು ಬಂದಿವೆ. 2015ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದ ಓಲಾಫ್ ರೊನೆಬರ್ಗರ್ ಮತ್ತು ಸಂಗಡಿಗರು ಯು-ನೆಟ್ ಎಂಬುದನ್ನು ಮಾಡಿದರು. ಮನುಷ್ಯರು ಕೈಯಿಂದ ಗೆರೆ ಎಳೆದು ಗುರುತಿಸಿದ ಚಿತ್ರಗಳನ್ನು ತೋರಿಸಿ ಅದಕ್ಕೆ ಕಲಿಸುತ್ತಾರೆ. ತಪ್ಪಿದರೆ ಅಂಕ ಕಳೆಯುತ್ತಾರೆ. ತಾಗಿಕೊಂಡ ಎರಡು ಕೋಶಗಳ ನಡುವಿನ ಸಪೂರ ಗೆರೆಯಲ್ಲಿ ತಪ್ಪಿದರೆ ಹೆಚ್ಚು ಅಂಕ ಕಳೆಯುತ್ತಾರೆ! ಮಗು ಯಾವ ಲೆಕ್ಕದಲ್ಲಿ ಪದೇ ಪದೇ ಎಡವುತ್ತದೋ ಅದಕ್ಕೇ ಹೆಚ್ಚು ಗಮನ ಕೊಡುವ ಅಮ್ಮನ ಹಾಗೆ. 2020ರ ಹೊತ್ತಿಗೆ ಅಮೆರಿಕದ ಜನೀಲಿಯಾ ಸಂಶೋಧನಾ ಕೇಂದ್ರದಿಂದ ಬಂದ ಸೆಲ್‌ಪೋಸ್ 70,000ಕ್ಕೂ ಹೆಚ್ಚು ಗುರುತು ಮಾಡಿದ ವಸ್ತುಗಳಿಂದ ಕಲಿತದ್ದು. ಯಂತ್ರ ತಾನಾಗಿ ನೋಡಲು ಕಲಿತಿತೆಂದು ನಾವು ಬೆರಗಾಗುತ್ತೇವೆ. ಅದರ ಹಿಂದೆ ಪರದೆಯ ಮುಂದೆ ಕುಳಿತು ಒಂದೊಂದೇ ಕೋಶದ ಸುತ್ತ ಗೆರೆ ಎಳೆದವರ ಕಣ್ಣಿನ ದುಡಿಮೆ ಇದೆ. ನಮ್ಮ ಬೆಂಗಳೂರಿನಲ್ಲೂ 2015ರಲ್ಲಿ ಆರಂಭವಾದ ಸಿಗ್‌ಟಪಲ್ ಎಂಬ ಕಂಪೆನಿ ರಕ್ತದ ಸ್ಲೈಡಿನ ಚಿತ್ರ ತೆಗೆದು ಕಣಗಳನ್ನು ಗುರುತಿಸಿ ವಿಂಗಡಿಸುವ ಸಾಧನವನ್ನು ರೂಪಿಸಿದೆ. ಅದರ ಸಾಫ್ಟ್‌ವೇರಿಗೆ ಶೋಣಿತ್ ಎಂದು ಹೆಸರಿಟ್ಟಿದ್ದಾರೆ. ಶೋಣಿತವೆಂದರೆ ರಕ್ತ.

ಇಷ್ಟಾಗಿಯೂ ಯಾವ ಗೆರೆಯಿಂದಲೂ ಬಿಡಿಸಲಾಗದ ಒಂದು ಅಂಟು ಇದೆ. ಮೊದಲು ತೆಗೆದಿಟ್ಟ ರಕ್ತ ಪರೀಕ್ಷೆಯ ಹಾಳೆಯ ಪ್ಲೇಟ್‌ಲೆಟ್ ಸಾಲಿಗೆ ಈಗ ಬನ್ನಿ. ಲ್ಯಾಬಿನಲ್ಲಿ ಈ ಸಂಖ್ಯೆಯನ್ನು ಕೊಡುವ ಯಂತ್ರಗಳಲ್ಲಿ ಹೆಚ್ಚಿನವು ಚಿತ್ರ ನೋಡುವುದೇ ಇಲ್ಲ. ಅಮೆರಿಕದ ವ್ಯಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ವಿಧಾನದಂತೆ, ರಕ್ತವನ್ನು ತೆಳುಮಾಡಿ ಒಂದು ಅತಿ ಸಣ್ಣ ತೂತಿನ ಮೂಲಕ ಹರಿಸುತ್ತಾರೆ. ಒಂದೊಂದು ಕಣ ದಾಟುವಾಗಲೂ ವಿದ್ಯುತ್ತಿನಲ್ಲಿ ಒಂದು ಮಿಡಿತ. ಮಿಡಿತ ಎಣಿಸಿದರೆ ಕಣದ ಎಣಿಕೆ, ಮಿಡಿತದ ಎತ್ತರ ನೋಡಿದರೆ ಕಣದ ಗಾತ್ರ. ಎರಡು ಕಣ ಜೊತೆಯಾಗಿ ದಾಟಿದರೆ ಇಲ್ಲಿಯೂ ಅವು ಒಂದೇ. ಅಪರೂಪಕ್ಕೆ ಹಾಗಾದರೆ ಯಂತ್ರ ಲೆಕ್ಕದಿಂದ ಸರಿಪಡಿಸಿಕೊಳ್ಳುತ್ತದೆ. ಆದರೆ ಕೆಲವರ ರಕ್ತದಲ್ಲಿ ಒಂದು ವಿಚಿತ್ರವಿದೆ. ರಕ್ತ ಹೆಪ್ಪುಗಟ್ಟದಿರಲೆಂದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಎಂಬ ರಾಸಾಯನಿಕ ಹಾಕಿರುತ್ತಾರಲ್ಲ, ಅದಕ್ಕೆ ಸೇರಿದ ಕೂಡಲೇ ಇವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ. ಹೊತ್ತು ಹೋದಷ್ಟೂ ಗೊಂಚಲು ಹೆಚ್ಚುತ್ತದೆ. ಮೈಯೊಳಗೆ ಏನೂ ಆಗಿರುವುದಿಲ್ಲ, ಆಗಿರುವುದೆಲ್ಲ ಟ್ಯೂಬಿನೊಳಗೆ. ಯಂತ್ರ ಒಂದು ಗೊಂಚಲನ್ನು ಪ್ಲೇಟ್‌ಲೆಟ್ ಎಂದೇ ಗುರುತಿಸುವುದಿಲ್ಲ, ಕೆಲವೊಮ್ಮೆ ಬಿಳಿ ರಕ್ತಕಣವೆಂದು ಲೆಕ್ಕ ಹಾಕುವುದೂ ಇದೆ. ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದ ಸಂಖ್ಯೆ 40,000 ಎಂದು ಅಚ್ಚಾಗಿ ಬರುತ್ತದೆ. ಸುಮಾರು ಸಾವಿರದಲ್ಲೊಬ್ಬರಿಗೆ ಹೀಗಾಗುತ್ತದೆ.

ಸಾವಿರದಲ್ಲೊಬ್ಬರು ಎಂದರೆ ಕಡಿಮೆ ಅನಿಸಬಹುದು. ಆದರೆ ಆ ಒಬ್ಬರ ಮನೆಯಲ್ಲಿ ಏನಾಗುತ್ತದೆಂದು ಯೋಚಿಸಿ. ನಿಗದಿಯಾದ ಆಪರೇಷನ್ ಮುಂದಕ್ಕೆ ಹೋಗುತ್ತದೆ. ತುಂಬು ಗರ್ಭಿಣಿಯಾದರೆ ಹೆರಿಗೆಯ ಹೊತ್ತಿಗೆ ಊರೆಲ್ಲ ರಕ್ತದಾನಿಗಳನ್ನು ಹುಡುಕುವ ಓಡಾಟ. ಬೇಡದ ಮಾತ್ರೆ, ಬೇಡದ ಪ್ಲೇಟ್‌ಲೆಟ್, ಎಲುಬಿನ ಮಜ್ಜೆ ತೆಗೆಯುವ ನೋವಿನ ಪರೀಕ್ಷೆ, ಇವೆಲ್ಲ ಇಂಥವರಿಗೆ ಆದದ್ದುಂಟು. ಸ್ಲೈಡ್ ನೋಡಿದ್ದರೆ ಗೊಂಚಲು ಕಣ್ಣಿಗೆ ಬೀಳುತ್ತಿತ್ತು.

ಇದನ್ನು ಓದಿ, ಪ್ಲೇಟ್‌ಲೆಟ್ ಕಡಿಮೆ ಬಂದ ಕೂಡಲೇ ‘ಅದು ಗೊಂಚಲೇ ಇರಬೇಕು’ ಎಂದು ಸುಮ್ಮನೆ ಮನೆಯಲ್ಲಿ ಕುಳಿತುಬಿಡಬೇಡಿ. ಮಳೆಗಾಲದಲ್ಲಿ ಡೆಂಗಿ ಬಂದಾಗ ಪ್ಲೇಟ್‌ಲೆಟ್ ನಿಜವಾಗಿಯೇ ಇಳಿಯುತ್ತದೆ. ಜ್ವರ ಇದ್ದು, ವಸಡಿನಲ್ಲೋ ಮೂಗಿನಲ್ಲೋ ರಕ್ತ ಕಂಡರೆ, ಹೊಟ್ಟೆ ನೋವು, ಬಿಡದ ವಾಂತಿ ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜ್ವರವಿಲ್ಲ, ಮೈ ಮೇಲೆ ನೀಲಿ ಕಲೆಗಳಿಲ್ಲ, ಎಲ್ಲಿಯೂ ರಕ್ತ ಬಂದಿಲ್ಲ, ಹಿಂದಿನ ರಿಪೋರ್ಟ್ ಸರಿಯಾಗಿತ್ತು, ಈಗ ಮಾತ್ರ ಸಂಖ್ಯೆ ಪಾತಾಳಕ್ಕಿಳಿದಿದೆ ಎಂದಾದರೆ ವೈದ್ಯರ ಬಳಿ ಒಂದು ಮಾತು ಕೇಳಬಹುದು: “ಡಾಕ್ಟ್ರೇ, ಸ್ಲೈಡ್ ಮಾಡಿ ನೋಡಿದ್ದಾರಾ?” ಹೀಗೆ ಕೇಳುವುದು ವೈದ್ಯರ ಮೇಲೆ ಅನುಮಾನಪಟ್ಟಂತೆ ಅಲ್ಲ. ರಿಪೋರ್ಟಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಪ್ಲೇಟ್‌ಲೆಟ್ ಕ್ಲಂಪ್ಸ್ ಸೀನ್’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುವುದೂ ಉಂಟು. ಸಂಖ್ಯೆಯನ್ನು ಮಾತ್ರ ನೋಡಿ ಮಡಚಿಡುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಗೊಂಚಲು ಕಂಡರೆ ಮುಂದಿನ ದಾರಿ ಸುಲಭ. ಇಡಿಟಿಎ ಬದಲು ಸೋಡಿಯಂ ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆದು, ತಡಮಾಡದೆ ಮತ್ತೆ ಎಣಿಸುತ್ತಾರೆ. ಹೆಚ್ಚಿನವರಲ್ಲಿ ಆಗ ಸಂಖ್ಯೆ ಸರಿಯಾದ ಜಾಗಕ್ಕೆ ಬರುತ್ತದೆ. ಆ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರವ ಮೊದಲೇ ಇರುವುದರಿಂದ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಬೇಕು. ಯಂತ್ರ 2,00,000 ಎಂದು ತೋರಿಸಿದರೆ ನಿಜವಾದ ಲೆಕ್ಕ 2,20,000. ಮುಂದೆ ಯಾವ ಆಸ್ಪತ್ರೆಗೆ ಹೋದರೂ ತಮ್ಮ ರಕ್ತಕ್ಕೆ ಈ ಗುಣವಿದೆಯೆಂದು ಇಂಥವರು ರಕ್ತ ಕೊಡುವ ಮೊದಲೇ ಹೇಳಬೇಕು. ಆ ರಿಪೋರ್ಟನ್ನು ಪ್ಲಾಸ್ಟಿಕ್ ಚೀಲದ ಮೇಲ್ಗಡೆಯೇ ಇಡಿ.